ಅಮಾವಾಸ್ಯೆಗೆ ಬರುತ್ತಿದ್ದ ಏಜೆಂಟ್

ಕೆಂಪಲಕ್ಷ್ಮಮ್ಮ ಧರ್ಮೇಶನನ್ನು ಮೊದಲ ಸಲ ಕಂಡದ್ದು ಅರಸೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ. ತೊಂಬತ್ತೇಳನೇ ಇಸವಿ, ಮದುವೆಗಳ ಕಾಲ. ಆಗಷ್ಟೇ ಒಂದು ಮಳೆ ಸುರಿದು ನಿಂತಿತ್ತು. ಬೇಲೂರಿನ ಬಸ್ಸಿನ ಹಿಂದಿನ ಏಣಿ ಹತ್ತುತ್ತಿದ್ದ ಒಬ್ಬನ ಹೆಗಲಿನಿಂದ ಒಂದು ಕಟ್ಟು ಜಾರಿ ಕೆಳಗೆ ಬಿತ್ತು. ಹುರಿ ಕಿತ್ತುಹೋಗಿ ಲಗ್ನಪತ್ರಿಕೆಗಳು ಕೆಸರಿನ ಮೇಲೆಲ್ಲ ಹರಡಿಕೊಂಡವು. ಜನ ಅವನ್ನು ತುಳಿಯದ ಹಾಗೆ ದಾಟಿಕೊಂಡು ಬಸ್ಸು ಹತ್ತುತ್ತಿದ್ದರೇ ಹೊರತು ಬಗ್ಗಿ ಎತ್ತುವವರು ಯಾರೂ ಇರಲಿಲ್ಲ.

ಕೆಂಪಲಕ್ಷ್ಮಮ್ಮ ಬಾಣಾವರದ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತಿದ್ದಳು. ಬಾಣಾವರದಲ್ಲಿ ಅವಳ ತಂಗಿಯ ಮನೆ. ಲಗ್ನಪತ್ರಿಕೆ ಕಾಲಡಿಗೆ ಬೀಳುವುದನ್ನು ನೋಡಿಕೊಂಡಿರಲಾರದೆ ಅವಳು ಎದ್ದು ಬಂದಳು. ಒಂದೊಂದನ್ನೇ ಎತ್ತಿ, ಸೆರಗಿನಿಂದ ಒರೆಸಿ, ಗಣಪತಿಯ ಚಿತ್ರ ಎಲ್ಲದರಲ್ಲೂ ಒಂದೇ ಕಡೆ ಬರುವಂತೆ ಜೋಡಿಸಿದಳು. ಕೆಸರು ಹತ್ತಿದವನ್ನು ಬೇರೆಯಾಗಿ ಇಟ್ಟಳು. ಕಟ್ಟಿನವನು ಏಣಿಯಿಂದ ಇಳಿದು ಬಂದು ಎದುರಿಗೇ ಕುಕ್ಕರಗಾಲಿನಲ್ಲಿ ಕೂತು, ತಾನೂ ಎತ್ತುತ್ತ ಅವಳ ಕೈಯನ್ನೇ ನೋಡುತ್ತಿದ್ದ. ಮೂವತ್ತು ದಾಟಿದವನು. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಒಂದು ದಪ್ಪ ಚೀಲ.

"ಓದೋಕೆ ಬರುತ್ತಾ ಅಮ್ಮಾ?" ಎಂದು ಕೇಳಿದ.

"ಎರಡನೇ ಕ್ಲಾಸು. ಅಕ್ಷರ ಅಕ್ಷರ ಕೂಡಿಸ್ಕೊಂಡು ಹೋಗ್ತೀನಿ."

"ಮನೇಲಿ ಯಾರ್ಯಾರು ಅವ್ರೆ?"

"ಯಾಕಪ್ಪಾ?"

"ಸುಮ್ನೆ ಕೇಳ್ದೆ."

"ಸುಮ್ನೆ ಕೇಳೋ ಮಾತಲ್ಲ ಅದು."

ಅವನು ನಕ್ಕ. ನಗುವಾಗಲೂ ಅವನ ಕಣ್ಣು ಅವಳ ಬರಿ ಹಣೆಯ ಮೇಲೆ ಒಂದು ಗಳಿಗೆ ನಿಂತು ಮುಂದೆ ಹೋದದ್ದನ್ನು ಅವಳು ಗಮನಿಸಿದಳು. ಸೊಂಟಕ್ಕೆ ಸಿಕ್ಕಿಸಿದ್ದ ಎಲೆಅಡಿಕೆ ಚೀಲವನ್ನು ಇನ್ನಷ್ಟು ಒಳಕ್ಕೆ ತಳ್ಳಿಕೊಂಡಳು. ಆದರೂ ಕೇಳಿದ್ದಕ್ಕೆ ಉತ್ತರ ಹೇಳಿದಳು. ಗಂಡ ಧರ್ಮಪ್ಪ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ, ಕೊಬ್ಬರಿ ಮಂಡಿಯಲ್ಲಿ ಕಾಯಿ ಒಡೆಯುವ ಕೂಲಿ, ಈಗ ಕೈಗೆ ಮಚ್ಚು ಹಿಡಿಯುವ ಬಲ ಉಳಿದಿಲ್ಲ.

"ಇಲ್ಲೇ ಸಂತೆ ಮೈದಾನದ ಓಣೀಲಿರೋ ಪ್ರೆಸ್ಸಲ್ಲಿ ಕೆಲಸ ಐತೆ. ಕಾರ್ಡು ಮಡಚೋದು, ಕವರಿಗೆ ಹಾಕೋದು. ಹಿಂದ್ಗಡೆ ಒಂದು ಕೋಣೆ ಐತೆ, ಅಲ್ಲೇ ಇರಬಹುದು."

"ಯಾರ ಪ್ರೆಸ್ಸು?"

"ಮಾಲೀಕರದು. ನಾನು ಏಜೆಂಟು."

"ಮಾಲೀಕರು ಎಲ್ಲವ್ರೆ?"

"ಊರೂರು ಸುತ್ತತಾವ್ರೆ" ಎಂದು ಹೇಳಿ ಅವನು ಬಸ್ಸು ಹತ್ತಿದ.

ಗುರುತು ಪರಿಚಯವಿಲ್ಲದ ಹೆಂಗಸನ್ನು ಬಸ್‌ಸ್ಟ್ಯಾಂಡಿನಲ್ಲಿ ನೋಡಿ ಕೆಲಸವನ್ನೂ ಕೋಣೆಯನ್ನೂ ಕೊಡುವವನು ಎಂಥವನಿರಬಹುದು ಎಂದು ಅವಳು ತಂಗಿಯ ಮನೆಯಲ್ಲಿ ಯೋಚಿಸಿದಳು. ಒಳ್ಳೆಯ ಉತ್ತರ ಯಾವುದೂ ಹೊಳೆಯಲಿಲ್ಲ. ಆದರೆ ಮಂಡಿಯವರು ಇನ್ನು ಬರಬೇಡ ಎಂದು ಹೇಳಿಯಾಗಿತ್ತು. ತಂಗಿಯ ಗಂಡ ಊಟಕ್ಕೆ ಕೂತಾಗ ಇವಳ ಕಡೆ ನೋಡುವ ರೀತಿಯೂ ಬೇರೆಯಾಗಿತ್ತು. ಅವಳು ಬಟ್ಟೆಯ ಗಂಟಿನೊಂದಿಗೆ ಅರಸೀಕೆರೆಗೆ ವಾಪಸ್ಸು ಬಂದಳು.

ಪ್ರೆಸ್ಸು ಸಂತೆ ಮೈದಾನದ ಹಿಂದಿನ ಓಣಿಯಲ್ಲಿತ್ತು. ಬಾಗಿಲ ಮೇಲೆ 'ಸುಮೇಧ ಪ್ರಿಂಟರ್ಸ್' ಎಂದಿಷ್ಟೇ ಬರೆದಿತ್ತು, ಮಾಲೀಕರ ಹೆಸರು ಇರಲಿಲ್ಲ. ಸುಮೇಧ ಎನ್ನುವುದು ಮಾಲೀಕರ ಮಗಳ ಹೆಸರಿರಬೇಕು ಎಂದು ಓಣಿಯವರು ಅಂದುಕೊಂಡಿದ್ದರು. ಒಳಗೆ ಕಾಲಿನಿಂದ ತುಳಿದು ಓಡಿಸುವ ಒಂದು ಟ್ರೆಡಲ್ ಮೆಷಿನ್, ಸೀಸದ ಅಚ್ಚುಮೊಳೆಗಳ ಮರದ ಗೂಡುಗಳು, ಕಾಗದದ ರೀಮುಗಳು. ಮೊಳೆ ಜೋಡಿಸುವುದೂ ಮೆಷಿನ್ ತುಳಿಯುವುದೂ ಹನುಮಯ್ಯ ಒಬ್ಬನೇ. ವಯಸ್ಸಾದವನು, ಬಾಯಲ್ಲಿ ಸದಾ ಎಲೆಅಡಿಕೆ. ಅದನ್ನು ಉಗಿಯಬೇಕಾಗುತ್ತದೆ ಎಂದೇ ಅವನು ಮಾತಾಡುವುದಿಲ್ಲವೋ ಎನ್ನುವಷ್ಟು ಮೌನಿ.

ವ್ಯಾಪಾರ ನಡೆಯುತ್ತಿದ್ದುದು ಮಾತ್ರ ಆ ಓಣಿಯಿಂದಲ್ಲ, ರಸ್ತೆಯ ಮೇಲಿಂದ. ಧರ್ಮೇಶ ಒಂದು ದಿನ ಹಳೇಬೀಡಿನಲ್ಲಿದ್ದರೆ ಮರುದಿನ ಹಗರೆಯಲ್ಲಿ, ಅದರ ಮರುದಿನ ಬೇಲೂರಿನಲ್ಲಿ. ಮದುವೆ ಗೊತ್ತಾದ ಮನೆಯನ್ನು ಪತ್ತೆ ಮಾಡಿ, ಚೀಲದಿಂದ ಮಾದರಿ ಕಾರ್ಡುಗಳ ಪುಸ್ತಕ ತೆಗೆದು ಜಗುಲಿಯ ಮೇಲೆ ಹರಡುತ್ತಿದ್ದ. ಮನೆಯವರು ಆರಿಸಿದ ಮೇಲೆ ಗಂಡಿನ ಕಡೆ, ಹೆಣ್ಣಿನ ಕಡೆ, ಮುಹೂರ್ತ, ಸುಖಾಗಮನ ಬಯಸುವವರ ಹೆಸರು ಎಲ್ಲವನ್ನೂ ಬರೆದುಕೊಂಡು, ಆ ಹಾಳೆಯನ್ನು ಅರಸೀಕೆರೆಗೆ ಹೋಗುವ ಬಸ್ಸಿನ ಕಂಡಕ್ಟರ್ ರೇವಣಸಿದ್ದಪ್ಪನ ಕೈಗೆ ಕೊಡುತ್ತಿದ್ದ. ಮಧ್ಯಾಹ್ನದೊಳಗೆ ಹನುಮಯ್ಯ ಮೊಳೆ ಜೋಡಿಸಿ ಒಂದು ಪ್ರೂಫ್ ತೆಗೆದಿರುತ್ತಿದ್ದ. ಸಂಜೆ ಪಕ್ಕದ ಸಾವಿತ್ರಮ್ಮನ ಎಸ್‌ಟಿಡಿ ಬೂತಿಗೆ ಧರ್ಮೇಶನ ಫೋನು ಬರುತ್ತಿತ್ತು. ಹನುಮಯ್ಯ ಅಡಿಕೆ ಉಗಿದು ಬಂದು, ರಿಸೀವರು ಕಿವಿಗಿಟ್ಟುಕೊಂಡು, ಲಗ್ನಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಿದ್ದ. ಆ ಕಡೆಯಿಂದ ಧರ್ಮೇಶ ತಿದ್ದುತ್ತಿದ್ದ. ಹೀಗಾಗಿ ಬೇಲೂರಿನ ಸೀಮೆಯಲ್ಲಿ ಯಾರ ಮದುವೆ ಯಾರೊಂದಿಗೆ ಎನ್ನುವುದು ಸೋದರತ್ತೆಯರಿಗಿಂತ ಮೊದಲು ಸಾವಿತ್ರಮ್ಮನಿಗೆ ಗೊತ್ತಾಗುತ್ತಿತ್ತು.

ಮಾರನೆಯ ದಿನ ಅಚ್ಚು. ಮಡಚಿ, ಕವರಿಗೆ ಹಾಕಿ, ಕಟ್ಟು ಕಟ್ಟಿ ಬಸ್ಸಿಗೆ ಕೊಟ್ಟರೆ ಬೇಲೂರಿನಲ್ಲಿ ಧರ್ಮೇಶ ಇಳಿಸಿಕೊಂಡು ಮನೆಗೆ ಮುಟ್ಟಿಸುತ್ತಿದ್ದ. ಗಿರಾಕಿ ಪ್ರೆಸ್ಸಿನ ಬಾಗಿಲು ನೋಡುವ ಅಗತ್ಯವೇ ಇರುತ್ತಿರಲಿಲ್ಲ.

ಅವಳು ಸೇರಿದ ಕೆಲವೇ ದಿನಗಳಲ್ಲಿ ಧರ್ಮೇಶ ಫೋನಿನಲ್ಲಿ ಅವಳನ್ನೇ ಕರೆಸಿದ.

"ಅಮ್ಮಾ, ಇನ್ಮೇಲೆ ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಕಳಿಸ್ಬೇಕು. ಮನೇವ್ರಿಗೆ ಕೆಲಸ ಕಮ್ಮಿ ಆಗುತ್ತೆ. ಬೇರೆ ಪ್ರೆಸ್ಸಿನೋರು ಯಾರೂ ಹಚ್ಚಿ ಕೊಡಲ್ಲ."

"ಯಾರ ಕೈಲಿ ಹಚ್ಚಿಸ್ಲಿ?"

"ನೀವೇ ಹಚ್ಚಿ."

"ನಾನಾ? ನನ್ನ ಹಣೆ ನೋಡಿದ್ದೀಯೋ ಇಲ್ವೋ?"

"ನೋಡಿದೀನಿ ಅಮ್ಮಾ. ಮಾಲೀಕರು ಹೇಳವ್ರೆ." ಫೋನು ಕಟ್ಟಾಯಿತು.

ಗಂಡ ಧರ್ಮಪ್ಪ ಹೋದ ಮೇಲೆ ಅವಳು ಯಾರ ಮನೆಯ ಮದುವೆಯಲ್ಲೂ ಅರಿಶಿನದ ಬಟ್ಟಲು ಮುಟ್ಟಿದವಳಲ್ಲ. ತಂಗಿಯ ಮಗಳ ಮದುವೆಯಲ್ಲೇ ಚಪ್ಪರದಾಚೆ ಕೂತು ಕಾಯಿ ಸುಲಿದುಕೊಟ್ಟಿದ್ದಳು, ಧಾರೆಯ ಹೊತ್ತಿಗೆ ಒಳಗೆ ಹೋಗಿರಲಿಲ್ಲ. ಈಗ ಊರವರ ಮದುವೆಗೆಲ್ಲ ಮೊದಲ ಅರಿಶಿನ ಅವಳ ಕೈಯದು. ಇದು ಗಿರಾಕಿಗಳಿಗೆ ಗೊತ್ತಾದರೆ ಒಂದೇ ಒಂದು ಲಗ್ನಪತ್ರಿಕೆಯೂ ಈ ಪ್ರೆಸ್ಸಿಗೆ ಬರುವುದಿಲ್ಲ. ಅವಳ ಕೆಲಸವೂ ಹೋಗುತ್ತದೆ, ಹಿಂದಿನ ಕೋಣೆಯೂ ಹೋಗುತ್ತದೆ. ಆಗ ಬಾಣಾವರದ ಆ ಊಟದ ಸಾಲು ಬಿಟ್ಟರೆ ಬೇರೆ ದಿಕ್ಕಿಲ್ಲ. ಅವಳು ಬಹಳ ಯೋಚಿಸಿ, ಬೇವಿನ ಕಡ್ಡಿಯ ತುದಿಗೆ ಒಗೆದ ಬಟ್ಟೆ ಸುತ್ತಿ, ಅದನ್ನು ಅರಿಶಿನದ ನೀರಿನಲ್ಲಿ ಅದ್ದಿ ಮೂಲೆಗೆ ಮುಟ್ಟಿಸುವುದು ಎಂದು ಗೊತ್ತು ಮಾಡಿಕೊಂಡಳು. ಬೆರಳು ತಾಗಲಿಲ್ಲ ಎಂದರೆ ಅಷ್ಟರಮಟ್ಟಿಗೆ ದೋಷ ಕಡಿಮೆ.

ಹಚ್ಚುವಾಗ ಓಣಿಯ ಕಡೆಯ ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಒಂದು ಸಲ ರೇವಣಸಿದ್ದಪ್ಪ ಹಾಳೆ ಕೊಡಲು ಬಂದವನು ಬಾಗಿಲಲ್ಲೇ ನಿಂತು, "ಏನಮ್ಮಾ, ನಿಮ್ ಪ್ರೆಸ್ಸಲ್ಲಿ ಎಷ್ಟು ಜನ ಮುತ್ತೈದೇರು ಅವ್ರೆ?" ಎಂದ.

"ಯಾಕೆ?"

"ಬೇಲೂರಲ್ಲಿ ನಿಮ್ ಏಜೆಂಟು ಹೇಳ್ತಿದ್ದ. ಮುತ್ತೈದೇರ ಕೈಲೇ ಅರಿಶಿನ ಹಚ್ಚಿಸಿ ಕೊಡ್ತೀವಿ, ಬೇರೆ ಕಡೆ ಸಿಗಲ್ಲ ಅಂತ. ನನಗೋ ಈ ಓಣೀಲಿ ಹನುಮಯ್ಯನ ಮೀಸೆ ಬಿಟ್ರೆ ಏನೂ ಕಾಣಲ್ಲ."

ಅವಳು ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡಳು. "ಬರ್ತಾರೆ, ಹೋಗ್ತಾರೆ" ಎಂದಳು.

ಆವತ್ತಿನಿಂದ ಅವಳ ಅನುಮಾನ ಗಟ್ಟಿಯಾಯಿತು. ಬಾಯಿ ಬಿಡಲಾಗದವಳನ್ನೇ ಹುಡುಕಿ ತಂದಿದ್ದಾನೆ. ಇವಳು ಅವನ ಸುಳ್ಳು ಹೊರಗೆ ಹಾಕಿದರೆ ಅವನು ಇವಳ ಕೈ ತೋರಿಸುತ್ತಾನೆ. ಹಾಗಾದರೆ ಮುಚ್ಚಿಡಬೇಕಾದ್ದು ಇನ್ನೂ ಏನೋ ಇದೆ.

ಅದು ಏನೆಂದು ಅವಳು ಕಾಯಿ ಒಡೆಯುವವರ ತಾಳ್ಮೆಯಿಂದ ನೋಡತೊಡಗಿದಳು. ಮಾಲೀಕರದು ಅಂತ ಒಂದು ಫೋನೂ ಬಂದದ್ದಿಲ್ಲ. ಸಂಬಳ ಕೊಡುವವನು ಏಜೆಂಟ್. ಕಾಗದ ಯಾವುದು, ಬಣ್ಣ ಯಾವುದು ಎಂದು ಹೇಳುವವನು ಏಜೆಂಟ್. ಎಲ್ಲಕ್ಕಿಂತ ವಿಚಿತ್ರವೆಂದರೆ ಅವಳು ಸೇರಿದ ಮೇಲೆ ಅವನು ಪ್ರೆಸ್ಸಿಗೆ ಬರುತ್ತಿದ್ದುದು ಅಮಾವಾಸ್ಯೆಯ ದಿನ ಮಾತ್ರ. ಅಮಾವಾಸ್ಯೆಯಲ್ಲಿ ಲಗ್ನಪತ್ರಿಕೆಯ ಮಾತು ಯಾರೂ ಎತ್ತುವುದಿಲ್ಲ, ಅಚ್ಚಿಗೂ ಹಾಕುವುದಿಲ್ಲ. ಹನುಮಯ್ಯ ಅಂದು ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಧರ್ಮೇಶ ಮೊದಲ ಬಸ್ಸಿಗೆ ಬಂದು ರೀಮಿನ ಮೇಲೆ ಕೂತು, ಮೆಷಿನ್ನಿಗೆ ಎಣ್ಣೆ ಬಿಟ್ಟು, ತಪ್ಪಾಗಿ ಅಚ್ಚಾದ ಕಾರ್ಡುಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಗಣಪತಿಯ ಚಿತ್ರ ಒಂದು ನೂಲು ಓರೆಯಾಗಿದ್ದರೂ ಹನುಮಯ್ಯನಿಗೆ ಬೈಗುಳ. ಅವಳು ಟೀ ಮಾಡಿಕೊಟ್ಟರೆ ಕುಡಿದು, ಲೋಟವನ್ನು ತಾನೇ ನಲ್ಲಿಯ ಕೆಳಗೆ ತೊಳೆದು ಬೋರಲು ಹಾಕುತ್ತಿದ್ದ. ನಾನು ತೊಳೀತೀನಿ ಬಿಡಪ್ಪ ಎಂದರೂ ಬಿಡುತ್ತಿರಲಿಲ್ಲ. ಮತ್ತೆ ಕತ್ತಲಾಗುವ ಮುಂಚೆ ಬಸ್ಸು.

ಒಳ್ಳೆಯ ಕೆಲಸ ಮಾಡುವವನು ಅಮಾವಾಸ್ಯೆ ನೋಡಿಕೊಂಡು ಬರುತ್ತಾನೆಯೇ?

"ಹನುಮಯ್ಯಾ, ಮಾಲೀಕರು ಎಂಥೋರು?" ಎಂದು ಅವಳು ಒಂದು ದಿನ ಕೇಳಿದಳು.

"ಒಳ್ಳೇರು."

"ಎತ್ತರವೋ ಕುಳ್ಳೋ?"

"ಹೆಣ್ಣು ಕೊಡ್ತೀಯೇನು?"

"ಇದ್ದಾರೋ ಇಲ್ವೋ ಅನ್ನೋದಾದ್ರೂ ಹೇಳು."

ಹನುಮಯ್ಯ ಎದ್ದು ಹೋಗಿ ಅಡಿಕೆ ಉಗಿದು ಬಂದ. ಈಗ ಹೇಳುತ್ತಾನೆಂದು ಅವಳಿಗೆ ಆಸೆಯಾಯಿತು. ಅವನು "ಕವರ್ ಮಡಚು" ಎಂದು ಹೇಳಿ ಮೆಷಿನ್ ತುಳಿಯತೊಡಗಿದ.

ಅಲ್ಲಿಗೆ ಅವಳ ಮನಸ್ಸಿನಲ್ಲಿ ಕಥೆ ಪೂರ್ತಿಯಾಯಿತು. ಮಾಲೀಕರು ಯಾರೋ ವಯಸ್ಸಾದವರು, ಕಾಯಿಲೆ ಬಿದ್ದವರು. ಊರೂರು ಸುತ್ತುತ್ತಾರೆ ಎನ್ನುವುದು ಸುಳ್ಳು. ಈ ಇಬ್ಬರೂ ಸೇರಿ ಅವರ ಪ್ರೆಸ್ಸನ್ನು ತಮ್ಮದು ಮಾಡಿಕೊಂಡಿದ್ದಾರೆ. ಮಾಲೀಕರು ಒಂದಲ್ಲ ಒಂದು ದಿನ ಬಂದೇ ಬರುತ್ತಾರೆ, ಆವತ್ತು ನಡೆದದ್ದನ್ನೆಲ್ಲ ಅವರ ಮುಂದೆ ಇಡಬೇಕು, ಅರಿಶಿನದ ವಿಷಯವನ್ನೂ ಮುಚ್ಚದೆ ಹೇಳಬೇಕು ಎಂದು ಅವಳು ತೀರ್ಮಾನಿಸಿದಳು. ಹೇಳುವ ಮಾತನ್ನು ಮನಸ್ಸಿನಲ್ಲಿ ಜೋಡಿಸಿಯೂ ಇಟ್ಟುಕೊಂಡಳು. ಮಾಲೀಕರ ಮನೆ ಬೇಲೂರಿನ ಕಡೆ ಎಲ್ಲಾದರೂ ಇದೆಯೇ ಎಂದು ರೇವಣಸಿದ್ದಪ್ಪನನ್ನು ಕೇಳಿದ್ದೂ ಆಯಿತು. "ನಾನು ಕಂಡಿರೋದು ಆ ಚೀಲದೋನ್ನ ಒಬ್ಬನ್ನೇ. ಬೇರೆ ಮಾಲೀಕ ಗೀಲೀಕ ಗೊತ್ತಿಲ್ಲ ಕಣಮ್ಮ" ಎಂದ ಅವನು.

ಹೀಗೆ ಎರಡು ಮೂರು ಮದುವೆ ಕಾಲಗಳು ಕಳೆದವು. ಎರಡು ಸಾವಿರದ ಇಸವಿಯ ಮಾಘದಲ್ಲಿ, ಒಂದು ಮಧ್ಯಾಹ್ನ, ಹನುಮಯ್ಯ ಕಾಗದದ ಪಾರ್ಸೆಲ್ ಬಿಡಿಸಿಕೊಳ್ಳಲು ರೈಲ್ವೆ ಸ್ಟೇಷನ್ನಿಗೆ ಹೋಗಿದ್ದ. ಸೆಖೆಗೆ ಬಾಗಿಲು ತೆರೆದೇ ಇತ್ತು. ಅವಳು ನೆಲದ ಮೇಲೆ ಕಾರ್ಡು ಹರಡಿಕೊಂಡು ಕಡ್ಡಿಯಿಂದ ಅರಿಶಿನ ಮುಟ್ಟಿಸುತ್ತಿದ್ದಾಗ ಹೊಸಿಲಿನ ಮೇಲೆ ನೆರಳು ಬಿತ್ತು. ಬಿಳಿ ಪಂಚೆಯ ದೊಡ್ಡ ಮನುಷ್ಯರೊಬ್ಬರು ನಿಂತಿದ್ದರು.

"ಹಗರೆ ಗಂಗಾಧರಪ್ಪ ಅಂತ. ಮಂಡಿಗೆ ಕೊಬ್ಬರಿ ತಂದಿದ್ದೆ. ಟೆಂಪೋ ಖಾಲಿ ಹೋಗುತ್ತಲ್ಲ, ನಮ್ಮ ಹುಡುಗಿ ಕಾರ್ಡು ನಾನೇ ತಗೊಂಡು ಹೋಗೋಣ ಅಂತ ಬಂದೆ." ಹೇಳುತ್ತಿದ್ದ ಹಾಗೆಯೇ ಅವರ ಕಣ್ಣು ಅರಿಶಿನದ ಬಟ್ಟಲಿನಿಂದ ಕಡ್ಡಿಗೆ, ಕಡ್ಡಿಯಿಂದ ಅವಳ ಹಣೆಗೆ ಬಂತು. "ಏನಮ್ಮಾ ಇದು, ನೀನೇನಾ ಹಚ್ತಿರೋದು?"

"ಕಡ್ಡೀಲಿ ಹಚ್ತೀನಿ ಸ್ವಾಮಿ. ಕೈ ತಾಕಿಸಲ್ಲ."

"ಕಡ್ಡಿ ಹಿಡಿದಿರೋದು ಯಾರ ಕೈಯಿ?"

ಅವಳು ಕಡ್ಡಿಯನ್ನು ಕೆಳಗಿಟ್ಟಳು.

"ಮುತ್ತೈದೇರ ಕೈಲಿ ಹಚ್ಚಿಸ್ತೀವಿ ಅಂತ ಮಾತು ಕೊಟ್ಟಿದ್ನಲ್ಲ ಅವನು. ಕರಿ ನಿಮ್ ಮಾಲೀಕನ್ನ."

"ಮಾಲೀಕರಿಗೆ ಇದು ಗೊತ್ತಿಲ್ಲ ಸ್ವಾಮಿ" ಎಂದಳು ಅವಳು. ಇಷ್ಟು ದಿನ ಜೋಡಿಸಿಟ್ಟಿದ್ದ ಮಾತು ಹೊರಗೆ ಬಂತು. "ನಾನೂ ಅವರನ್ನ ಕಂಡಿಲ್ಲ. ಎಲ್ಲಾ ಆ ಏಜೆಂಟಿಂದೇ. ಅವನು ಹಚ್ಚು ಅಂದ, ಹಚ್ಚಿದೆ. ಸಂಬಳ ಕೊಡೋನೂ ಅವನೇ. ಬರೋದು ಅಮಾವಾಸ್ಯೆಗೆ. ಏನ್ ನಡೆಸ್ತಾವ್ನೋ ಏನೋ. ನೀವು ದೊಡ್ಡೋರು, ಮಾಲೀಕರನ್ನ ಹುಡುಕಿ ನೀವೇ ಹೇಳಿ."

ಆಗಲೇ ಪಕ್ಕದಿಂದ ಸಾವಿತ್ರಮ್ಮ ಕೂಗಿದಳು. "ಕೆಂಪಕ್ಕಾ, ಹನುಮಯ್ಯ ಇಲ್ವಾ? ನಿಮ್ ಏಜೆಂಟು ಲೈನಲ್ಲವ್ನೆ."

ಅವಳು ಬೂತಿಗೆ ಹೋದಳು. ಗಂಗಾಧರಪ್ಪನವರೂ ಹಿಂದೆಯೇ ಬಂದು ನಿಂತರು. ಧರ್ಮೇಶ ಹಳೇಬೀಡಿನಲ್ಲಿದ್ದ. ಅವನ ಹಿಂದೆ ಬಸ್ಸಿನ ಹಾರನ್ನು ಕೇಳುತ್ತಿತ್ತು.

"ಹಗರೆ ಗಂಗಾಧರಪ್ಪನೋರು ಬಂದವ್ರೆ" ಎಂದಳು. "ನಾನು ಅರಿಶಿನ ಹಚ್ಚೋದು ನೋಡಿಬಿಟ್ರು. ಮಾಲೀಕರು ಬೇಕು ಅಂತಾವ್ರೆ."

ಅವಳಿಗೆ ಅವನು ಹೇಳುವುದು ಗೊತ್ತಿತ್ತು. ನಾನು ಹೇಳಿಲ್ಲ, ಆ ಹೆಂಗಸೇ ಮಾಡಿದ್ದು, ಇವತ್ತೇ ಬಿಡಿಸ್ತೀವಿ ಅನ್ನುತ್ತಾನೆ. ಹಾಗೆ ಹೇಳಿದರೆ ಅವನ ವ್ಯಾಪಾರ ಉಳಿಯುತ್ತದೆ. ಅವಳು ಹಿಂದಿನ ಕೋಣೆಯಲ್ಲಿದ್ದ ಬಟ್ಟೆಯ ಗಂಟನ್ನು ನೆನೆದಳು.

"ನೀವೇನೂ ಹೇಳ್ಬೇಡಿ ಅಮ್ಮಾ. ಫೋನು ಅವರ ಕೈಗೆ ಕೊಡಿ" ಎಂದ ಧರ್ಮೇಶ.

ಗಂಗಾಧರಪ್ಪನವರು ರಿಸೀ‍ವರು ತೆಗೆದುಕೊಂಡರು. ಅವಳಿಗೆ ಕೇಳಿಸಿದ್ದು ಅವರ ಮಾತು ಮಾತ್ರ.

"ಎಲ್ಲಾ ನಿಂದೇ ಕೆಲಸ ಅಂತಾಳೆ ಈಯಮ್ಮ. ಮಾಲೀಕನ್ನ ಕರಿಯಪ್ಪಾ ಅಂದ್ರೆ... ಏನು? ನೀನಾ? ಮತ್ತೆ ಏಜೆಂಟು ಅಂದಿದ್ದೆ... ಆಯಮ್ಮನ ತಪ್ಪಿಲ್ಲ ಅಂದ್ರೆ, ನೀನೇ ಹೇಳಿ ಮಾಡ್ಸಿದ್ದಾ... ಯಾಕ್ ಸುಳ್ಳು ಹೇಳ್ದೆ? ಯಾವೂರಯ್ಯಾ ನಿಂದು?... ಹುಲಿಕೆರೆ. ಹುಲಿಕೆರೇಲಿ ಯಾರ ಮಗ?... ಯಾವ ಬೀದಿ ಶಿವಯ್ಯ?"

ಅದಕ್ಕೆ ಬಂದ ಉತ್ತರ ಕೇಳಿಸಿಕೊಂಡು ರಿಸೀವರು ಕೆಳಗಿಟ್ಟರು. ಏನಂತೆ ಎಂದು ಸಾವಿತ್ರಮ್ಮ ಕೇಳಿದ್ದಕ್ಕೆ, "ಏನಿಲ್ಲ, ಕವರಿನ ಬಣ್ಣದ ವಿಷಯ" ಎಂದರು.

ಪ್ರೆಸ್ಸಿನ ಒಳಗೆ ಬಂದ ಮೇಲೆ ದನಿ ತಗ್ಗಿಸಿದರು. "ಏಜೆಂಟೂ ಅವನೇ, ಮಾಲೀಕನೂ ಅವನೇ. ನಿಂಗೆ ಗೊತ್ತಿರ್ಲಿಲ್ವಾ?"

"ಇಲ್ಲ ಸ್ವಾಮಿ."

"ಹುಲಿಕೆರೆ ಶಿವಯ್ಯ ಮೇಷ್ಟ್ರ ಮಗ. ಆ ಕೇರಿಯವ್ರು. ಮೇಷ್ಟ್ರು ನನ್ನ ತಮ್ಮಂಗೆ ಪಾಠ ಹೇಳವ್ರೆ, ಒಳ್ಳೆ ಮನುಷ್ಯ, ಒಂದು ಮಾತು ಹೇಳಂಗಿಲ್ಲ. ಆದ್ರೆ ಲಗ್ನಪತ್ರಿಕೆ ವಿಷ್ಯ ಬೇರೆ ಅಲ್ವಾ?" ಅವರು ಕಾರ್ಡಿನ ಕಟ್ಟನ್ನು ನೋಡಿದರು. ಮದುವೆ ಹತ್ತಿರ ಬಂದಿತ್ತು, ಬೇರೆ ಕಡೆ ಅಚ್ಚು ಹಾಕಿಸಲು ಹೊತ್ತಿರಲಿಲ್ಲ. ಕೊನೆಗೆ ಹೆಗಲ ಮೇಲಿನ ಟವೆಲ್ಲನ್ನು ಹಾಸಿ, "ಇದರೊಳಗೆ ಇಡು" ಎಂದರು. "ಮನೇಲಿ ಹೆಣ್ಮಕ್ಳು ಇನ್ನೊಂದ್ಸಲ ಅರಿಶಿನ ಹಚ್ಚುತಾರೆ. ನೀನು ಯಾರಿಗೂ ಹೇಳ್ಬೇಡ. ನಾನೂ ಹೇಳಲ್ಲ. ಗಂಡಿನ ಕಡೆಯೋರ ಕಿವಿಗೆ ಬಿದ್ರೆ ನನ್ನ ಮಗಳ ಬಾಳು ಏನಾಗ್ಬೇಕು."

ಅವರು ಹೋದ ಮೇಲೆ ಅವಳು ಬಾಗಿಲು ಹಾಕಿಕೊಂಡು ಕೂತಳು. ಅಮಾವಾಸ್ಯೆ ಏಕೆಂದು ಈಗ ತಿಳಿಯಿತು. ಅಂದು ಗಿರಾಕಿ ಬರುವುದಿಲ್ಲ, ಅಷ್ಟೇ. ಲೋಟ ತಾನೇ ಏಕೆ ತೊಳೆಯುತ್ತಿದ್ದ ಎನ್ನುವುದೂ ತಿಳಿಯಿತು. ಗೂಡಿನಲ್ಲಿ ಬೋರಲಾಗಿದ್ದ ಆ ಲೋಟವನ್ನು ಅವಳು ನಲ್ಲಿಗೆ ಒಯ್ದು ಹುಣಸೆಹಣ್ಣು ಹಾಕಿ ಉಜ್ಜಿದಳು. ಒಲೆಯ ಬೂದಿ ಹಾಕಿ ಮತ್ತೊಮ್ಮೆ ಉಜ್ಜಿದಳು. ಉಜ್ಜುವಾಗ ಬೆರಳ ಸಂದಿಯಲ್ಲಿ ಅಂಟಿದ್ದ ಅರಿಶಿನ ಕಾಣಿಸಿತು. ಕಡ್ಡಿ ಹಿಡಿದರೂ ಅದು ಹೇಗೋ ಹತ್ತಿಕೊಂಡಿತ್ತು. ಗಂಗಾಧರಪ್ಪನವರ ಮನೆಯ ಹೆಣ್ಣುಮಕ್ಕಳು ಈಗ ಇದರ ಮೇಲೆಯೇ ಇನ್ನೊಂದು ಅರಿಶಿನ ಬಳಿಯುತ್ತಾರೆ. ಅವಳು ಲೋಟವನ್ನು ಇದ್ದ ಜಾಗದಲ್ಲೇ ಇಟ್ಟಳು.

ಮಾರನೆಯ ದಿನ ಅಮಾವಾಸ್ಯೆಯಲ್ಲದಿದ್ದರೂ ಧರ್ಮೇಶ ಮೊದಲ ಬಸ್ಸಿಗೇ ಬಂದ. ಹನುಮಯ್ಯ ಅವನನ್ನು ನೋಡಿ ಅಡಿಕೆ ತರುತ್ತೇನೆಂದು ಹೊರಗೆ ಹೋದ. ಅವನ ಎಲೆಅಡಿಕೆ ಚೀಲ ಮೆಷಿನ್ನಿನ ಮೇಲೆಯೇ ತುಂಬಿಕೊಂಡು ಕೂತಿತ್ತು.

"ನಿನ್ನ ಮೇಲೆ ಅವರಿಗೆ ದೂರು ಹೇಳ್ದೆ" ಎಂದಳು ಕೆಂಪಲಕ್ಷ್ಮಮ್ಮ.

"ಫೋನಲ್ಲಿ ಅವರೇ ಹೇಳಿದ್ರು."

"ಮತ್ಯಾಕೆ ನನ್ನ ಬಿಟ್ಟುಕೊಡ್ಲಿಲ್ಲ?"

"ಬಿಟ್ಟುಕೊಟ್ಟಿದ್ರೆ ನಾಳೆ ಇನ್ನೊಬ್ಬರನ್ನ ಹುಡುಕ್ಬೇಕು. ಅವರಿಗೂ ಇದೇ ಸುಳ್ಳು ಹೇಳ್ಬೇಕು. ಸಾಕಾಗಿತ್ತು ನಂಗೆ."

"ನನ್ನನ್ನೇ ಯಾಕೆ ಹುಡುಕ್ದೆ? ಊರಲ್ಲಿ ಮುತ್ತೈದೇರಿಗೆ ಬರವಾ? ನಿಜ ಹೇಳು."

ಅವನು ರೀಮಿನ ಮೇಲೆ ಕೂತು ಹೇಳಿದ. ಮುಚ್ಚುಮರೆ ಮಾಡಲಿಲ್ಲ. "ಮುತ್ತೈದೆ ಬಂದ್ರೆ ಗಂಡ ಕೇಳ್ತಾನೆ, ಅತ್ತೆ ಕೇಳ್ತಾಳೆ, ಯಾರ ಪ್ರೆಸ್ಸು, ಯಾರ ಮಗ ಅಂತ. ಅವತ್ತು ಬಸ್‌ಸ್ಟ್ಯಾಂಡಲ್ಲಿ ಮನೇಲಿ ಯಾರವ್ರೆ ಅಂದೆ. ನಿಮ್ಮನ್ನ ಕೇಳೋರು ಯಾರೂ ಇರ್ಲಿಲ್ಲ. ಅದಕ್ಕೆ."

ಅಂದರೆ ಅವಳ ಅನುಮಾನ ಅಷ್ಟರಮಟ್ಟಿಗೆ ಸರಿಯಾಗಿಯೇ ಇತ್ತು. ಅವಳಿಗೆ ಸಿಟ್ಟು ಬಂತು, ಆದರೆ ಸುಳ್ಳು ಹೇಳಿದವರ ಮೇಲೆ ಬರುವ ಸಿಟ್ಟಲ್ಲ. ಅವಳು ಎದ್ದು ಟೀ ಮಾಡಿದಳು. ಅವನು ಕುಡಿದು ಲೋಟ ಹಿಡಿದು ನಲ್ಲಿಯ ಕಡೆ ಎದ್ದಾಗ, "ಇಡು ಅಲ್ಲಿ" ಎಂದಳು. ಸ್ವಲ್ಪ ಗಡುಸಾಗಿಯೇ ಹೇಳಿದಳು.

ಧರ್ಮೇಶನ ವಿಷಯ ಅವಳಿಗೆ ಆಮೇಲೆ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಶಿವಯ್ಯ ಮೇಷ್ಟರ ಮನೆಯಲ್ಲಿ ಎಲ್ಲರಿಗೂ ಸಂಬಳದ ಕೆಲಸ. ಅಣ್ಣ ಬ್ಯಾಂಕಿನಲ್ಲಿ, ಅಕ್ಕ ಮೀನಾಕ್ಷಿ ಆಸ್ಪತ್ರೆಯಲ್ಲಿ ನರ್ಸು. ಇವನೂ ಬಿ.ಎ. ಓದಿದವನೇ. ಓದುವಾಗ ಹಾಸನದ ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದು, ಒದ್ದೆ ಮಸಿಯಲ್ಲಿ ಹೆಸರುಗಳು ಏಳುವುದನ್ನು ನೋಡಿ ಅದಕ್ಕೇ ಅಂಟಿಕೊಂಡ. ಅವನ ಮನೆಯಲ್ಲಿ ಗಣಪತಿ ಇರಲಿಲ್ಲ, ಬುದ್ಧನ ಫೋಟೋ ಇತ್ತು. ಸುಮೇಧ ಎಂದರೆ ಮಗಳಲ್ಲ, ಬುದ್ಧನ ಹಿಂದಿನ ಒಂದು ಜನ್ಮದ ಹೆಸರಂತೆ. ಮೊದಲು ಅವನು ಹಳೇಬೀಡಿನಲ್ಲೇ ಪ್ರೆಸ್ಸು ಇಟ್ಟು ತಾನೇ ಕೂತಿದ್ದ. ಬಿಲ್ ಪುಸ್ತಕ ಬಂದವು, ಶಾಲೆಯ ಪ್ರಶ್ನೆಪತ್ರಿಕೆ ಬಂದವು, ತಿಥಿ ಕಾರ್ಡು ಸಹ ಬಂದವು. ಲಗ್ನಪತ್ರಿಕೆ ಬರಲಿಲ್ಲ. ಪ್ರೆಸ್ಸನ್ನು ಯಾರಿಗೂ ಪರಿಚಯವಿಲ್ಲದ ಅರಸೀಕೆರೆಗೆ ಸಾಗಿಸಿ, ಬೋರ್ಡಿನಿಂದ ಹೆಸರು ತೆಗೆದು, ತನ್ನ ಪ್ರೆಸ್ಸಿಗೇ ತಾನು ಏಜೆಂಟನಾಗಿ ಬಸ್ಸು ಹತ್ತಿದ ಮೇಲೆ ಅವನ ಮುಖ ಕಂಡಿರದ ಅದೇ ಸೀಮೆಯ ಮನೆಗಳವರು ಜಗುಲಿಯ ಮೇಲೆ ಚಾಪೆ ಹಾಸಿ ಕಾರ್ಡು ಆರಿಸಿದರು.

ಗಂಗಾಧರಪ್ಪನವರು ಯಾರಿಗಾದರೂ ಹೇಳಿದರೋ ಇಲ್ಲವೋ ಎನ್ನುವುದು ಮಾತ್ರ ಕೊನೆಗೂ ಗೊತ್ತಾಗಲಿಲ್ಲ. ಎರಡು ದಿನ ಹಾಳೆ ಬರದಿದ್ದರೆ ಅವಳು, ಹೇಳಿಬಿಟ್ಟರು ಅಂದುಕೊಳ್ಳುವಳು. ಮೂರನೆಯ ದಿನ ಬಂದರೆ, ಪರೀಕ್ಷೆ ಮಾಡಲು ಕಳಿಸಿದ್ದಾರೋ ಏನೋ ಎಂದು ಆ ಹಾಳೆಯನ್ನೂ ಅನುಮಾನದಿಂದಲೇ ನೋಡುವಳು. ರೇವಣಸಿದ್ದಪ್ಪ ನಕ್ಕರೆ ಯಾಕೆ ನಕ್ಕ, ನಗದಿದ್ದರೆ ಯಾಕೆ ನಗಲಿಲ್ಲ. ಬೇಲೂರಿನ ಕಡೆಯ ಕೆಲಸ ವರ್ಷದಿಂದ ವರ್ಷಕ್ಕೆ ಇಳಿಯಿತು. ಹಾಸನದಲ್ಲಿ ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಕಾರ್ಡು ಮಾಡಿಕೊಡುತ್ತಾರೆ, ಅದಕ್ಕೆ ಎಂದ ಹನುಮಯ್ಯ. ಇರಬಹುದು. ಮುತ್ತೈದೆಯರ ಮಾತನ್ನು ಧರ್ಮೇಶ ಬಿಟ್ಟುಬಿಟ್ಟ. ಅರಿಶಿನ ಹಚ್ಚಿ ಕೊಡುತ್ತೇವೆ ಎಂದಷ್ಟೇ ಹೇಳುತ್ತಿದ್ದ, ಯಾರ ಕೈ ಎಂದು ಕೇಳಿದವರಿಗೆ ಹಚ್ಚದೆ ಕಳಿಸುತ್ತಿದ್ದ. ಅವಳು ಕಡ್ಡಿ ಬಿಡಲಿಲ್ಲ. ಅಭ್ಯಾಸವಾಗಿಹೋಗಿತ್ತು.

ಎರಡು ಸಾವಿರದ ಮೂರರಲ್ಲಿ ಅವನೂ ಒಂದು ಕಂಪ್ಯೂಟರ್ ತೆಗೆದುಕೊಂಡು ಬೇಲೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಹಿಡಿದ. ಅರಸೀಕೆರೆಯದನ್ನು ಮುಚ್ಚುವುದೆಂದು ಗೊತ್ತಾಯಿತು. ಫೋನಿನಲ್ಲಿ ಅವನು ಅವಳಿಗೆ ಹೇಳಿದ. "ನೀವೂ ಬನ್ನಿ ಅಮ್ಮಾ. ಮುಂದ್ಗಡೆ ಮೇಜಿನ ಹತ್ರ ನೀವು ಕೂತ್ಕೊಳ್ಳಿ. ಯಜಮಾನ್ತಿ ಅಂತ ಅಂದ್ಕೊಳ್ಳಲಿ. ನಾನು ಒಳಗಿರ್ತೀನಿ, ಇಲ್ಲಾಂದ್ರೆ ಎಂದಿನಂಗೆ ಊರ ಮೇಲೆ."

"ಬರೋದಿಲ್ಲ" ಎಂದಳು. "ಇಷ್ಟು ದಿನ ಕೈ ಮರೆ ಮಾಡಿದ್ದಾಯ್ತು. ಇನ್ನು ನಿನ್ನನ್ನೂ ಸೆರಗಲ್ಲಿ ಮುಚ್ಚಿಟ್ಕೊಂಡು ಕೂರ್ಲಾ? ನಿನ್ನ ಅಂಗಡೀಲಿ ನೀನು ಕೂರು. ಬೋರ್ಡಿಗೆ ಹೆಸರು ಬರೆಸು."

ತಿಂಗಳ ಕೊನೆಯಲ್ಲಿ ಅವನು ಟೆಂಪೋ ತೆಗೆದುಕೊಂಡು ಬಂದ. ಟ್ರೆಡಲ್ಲನ್ನು ಗುಜರಿಯವರು ಹಿಂದಿನ ದಿನವೇ ಬಿಚ್ಚಿಕೊಂಡು ಹೋಗಿದ್ದರು. ಕಾಗದ, ಕತ್ತರಿಸುವ ಯಂತ್ರ, ಮಾದರಿಗಳ ಪುಸ್ತಕ ಟೆಂಪೋ ಏರಿದವು. ಎಲ್ಲದರ ಮೇಲೆ ಹೊಸ ಬೋರ್ಡು ಹಳೆಯ ಕಂಬಳಿಯಲ್ಲಿ ಸುತ್ತಿಕೊಂಡು ಮಲಗಿತ್ತು. ಅವಳು ಕಂಬಳಿಯ ಅಂಚು ಸರಿಸಿ ನೋಡಿದಳು. ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದಳು. ಸುಮೇಧ ಪ್ರಿಂಟರ್ಸ್, ಮಾಲೀಕರು ಎಸ್. ಧರ್ಮೇಶ್, ಹುಲಿಕೆರೆ.

"ನೆಟ್ಟಗೆ ಬರೆದವ್ನೆ" ಎಂದಳು.

ಆಮೇಲೆ ಅವಳು ಬಾಣಾವರಕ್ಕೆ ಹೋದಳು. ತಂಗಿಯ ಗಂಡ ಅಷ್ಟರಲ್ಲಿ ತೀರಿಕೊಂಡಿದ್ದ, ಅಕ್ಕತಂಗಿಯರಿಬ್ಬರೇ ಆ ಮನೆಯಲ್ಲಿ ಇರತೊಡಗಿದರು. ಅವಳಿಗೂ ಧರ್ಮೇಶನಿಗೂ ಮತ್ತೆ ಭೇಟಿಯಾಗಲಿಲ್ಲ. ಆವತ್ತು ಅವನು ಟೆಂಪೋದಲ್ಲಿ ಡ್ರೈವರಿನ ಪಕ್ಕ ಹತ್ತಿ ಕೂತು, ಬಾಗಿಲು ಹಾಕಿಕೊಂಡು, ಗಾಡಿ ಸ್ಟಾರ್ಟ್ ಆದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಡ್ರೈವರಿಗೆ ಕೇಳಿಸಬಾರದೆಂದು ದನಿ ಸಣ್ಣ ಮಾಡಿ ಕೇಳಿದ.

"ನಾನೇ ಅಂಗಡೀಲಿ ಕೂತಿದ್ದು, ಯಾರೂ ಮೆಟ್ಲು ಹತ್ತದೇ ಹೋದ್ರೆ, ಅಮ್ಮಾ?"